ಇಬ್ಬರು ಇಂದುಮತಿಯರು ಮತ್ತು ನನ್ನ ಮೈಕು

ಎರ್ರಿಸ್ವಾಮಿ ಕೇಳಿದ್ದರಿಂದ ಇದನ್ನು ಬರೆಯುತ್ತಿದ್ದೇನೆ. ನಾನು ಬಿಟ್ಟ ಮೈಕನ್ನು ಹಿಡಿದವನು ಅವನು. ಬಳ್ಳಾರಿ ಸುತ್ತ ನಾಟಕಗಳ ಪ್ರಚಾರ ಮಾಡುವವರೆಲ್ಲ ಈಗ ಒಂದು ವಾಟ್ಸಾಪ್ ಗುಂಪು ಕಟ್ಟಿಕೊಂಡಿದ್ದಾರೆ. ಹೊಸಬರಿಗೆ ಹಳಬನೊಬ್ಬ ನಾಲ್ಕು ಮಾತು ಹೇಳಲಿ ಎಂದು ಅವನ ಆಸೆ. "ಅಣ್ಣಾ, ಚಲೋದು ಏನಾರ ಬರೀರಿ, ಹುಡುಗರಿಗೆ ಹುರುಪು ಬರಬೇಕು" ಎಂದ. ಹುರುಪು ಬರಿಸುವಂಥದ್ದು ನನ್ನ ಹತ್ತಿರ ಕಡಿಮೆ. ಇದ್ದುದನ್ನು ಇದ್ದ ಹಾಗೆ ಬರೆಯುತ್ತೇನೆ. ಓದಿದವರು ಈ ಕೆಲಸದ ಗೊಡವೆಯೇ ಬೇಡವೆಂದು ಬೇರೆ ದಾರಿ ಹಿಡಿದರೆ ನನಗೇನೂ ಬೇಜಾರಿಲ್ಲ.

ಜನ ನನ್ನನ್ನು ಮೈಕ್ ಬಸಣ್ಣ ಎನ್ನುತ್ತಾರೆ. ಹಳ್ಳಿಯಲ್ಲಿ ನಾಟಕ ಇದ್ದರೆ ಅದರ ಹಿಂದಿನ ದಿನ ಮತ್ತು ಆಡುವ ದಿನ ಆಟೋದ ತಲೆಗೆ ಮೈಕಿನ ಹಾರ್ನ್ ಕಟ್ಟಿಕೊಂಡು ಸುತ್ತಮುತ್ತಲ ಊರುಗಳಲ್ಲಿ ತಿರುಗಿ ಜನರನ್ನು ಕರೆಯುವುದು ನನ್ನ ಕೆಲಸವಾಗಿತ್ತು. ಆಟೋ ಬರುವ ಮೊದಲು ಜೀಪು, ಅದಕ್ಕೂ ಮೊದಲು ಜಟಕಾ. ಗಾಡಿ ಬದಲಾಯಿತು, ಬಾಯಿ ನನ್ನದೇ ಇತ್ತು.

ನಮ್ಮ ಕಡೆಯ ನಾಟಕ ಗೊತ್ತಿಲ್ಲದವರಿಗೆ ಒಂದು ಮಾತು. ಆಡುವವರು ಊರಿನ ಹುಡುಗರೇ. ಹೀರೋ, ವಿಲನ್, ಗೌಡ, ಪೊಲೀಸ್ ಎಲ್ಲರೂ ಅವರೇ. ಹೆಣ್ಣು ಪಾತ್ರಗಳಿಗೆ ಮಾತ್ರ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರೆ. ಬಳ್ಳಾರಿ, ಸಿರುಗುಪ್ಪ, ಕುರುಗೋಡಿನಲ್ಲಿ ಅಂಥವರು ಬೇಕಾದಷ್ಟು ಮಂದಿ ಇದ್ದರು, ಈಗಲೂ ಇದ್ದಾರೆ. ಸುಗ್ಗಿ ಮುಗಿದ ಮೇಲೆ ಮಳೆ ಹಿಡಿಯುವ ತನಕ ಅವರಿಗೆ ಬಿಡುವಿಲ್ಲ. ಇವತ್ತು ಈ ಊರಲ್ಲಿ ತಂಗಿ, ನಾಳೆ ಆ ಊರಲ್ಲಿ ಹೆಂಡತಿ. ಊರಿನ ಹೀರೋನನ್ನು ನೋಡಲು ಅವನ ಅವ್ವ ಅಪ್ಪ ಬರುತ್ತಾರೆ, ಮಿಕ್ಕ ಜನ ಬರುವುದು ಕಲಾವಿದೆಯನ್ನು ನೋಡಲು. ಆದ್ದರಿಂದ ಪ್ರಚಾರದಲ್ಲಿ ನಾವು ಹತ್ತು ಸಲ ಹೇಳುತ್ತಿದ್ದುದು ಆಕೆಯ ಹೆಸರು.

ನನಗೆ ಕೆಲಸ ಕಲಿಸಿದವರು ಖಾದರ್ ಸಾಹೇಬರು. ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಅವರ ಮೈಕ್ ಸೆಟ್ಟಿನ ಅಂಗಡಿ ಇತ್ತು. ಮೊದಲ ದಿನ ನನ್ನನ್ನು ಅಂಗಡಿ ಬಾಗಿಲಲ್ಲಿ ನಿಲ್ಲಿಸಿ, ಎದುರಿನ ಬೆಲ್ಲದ ಅಂಗಡಿಯವನು ತಿರುಗಿ ನೋಡುವ ಹಾಗೆ ಮಾತಾಡು, ಆದರೆ ಕೂಗಬೇಡ ಎಂದರು. ಬ್ರೂಸ್‌ಪೇಟೆಯ ಮಧ್ಯಾಹ್ನದ ಗದ್ದಲ ಕೇಳಿದವರಿಗೆ ಅದೆಂಥ ಪರೀಕ್ಷೆ ಎಂದು ಗೊತ್ತಾಗುತ್ತದೆ. ಹಮಾಲರು, ಕೈಗಾಡಿ, ಲಾರಿ, ಒಬ್ಬರ ಮಾತು ಒಬ್ಬರಿಗೆ ಕೇಳಿಸುವುದಿಲ್ಲ. ನಾನು ಗಂಟಲು ಹರಿಯುವಂತೆ ಅರಚಿದೆ. ಬೆಲ್ಲದ ಅಂಗಡಿಯವನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಸಾಹೇಬರು ಕುರ್ಚಿಯಲ್ಲಿ ಕೂತಲ್ಲಿಂದಲೇ ಏನೋ ಒಂದು ಮಾತಾಡಿದರು, ಅವನು ತಿರುಗಿ ನೋಡಿದ. "ಲೇ ಬಸ್ಯಾ, ಹೆಸರ ಹಿಡಿದು ಕರದ್ರ ಯಾರಾದ್ರೂ ತಿರಗತಾರ. ಮಂದಿಗೆ ಬೇಕಾದ ಹೆಸರು ಹೇಳು, ದನೀ ಸಣ್ಣದಾದ್ರೂ ನಡೀತೈತಿ" ಎಂದರು.

ಒಳ್ಳೆಯ ಮಾತು ಬೇಕಾದಷ್ಟು ಹೇಳಿಕೊಟ್ಟರು. ಒಂದು ಹಾರ್ನ್ ಯಾವಾಗಲೂ ಹಿಂದಕ್ಕೆ ತಿರುಗಿರಬೇಕು, ಗಾಡಿ ದಾಟಿದ ಮೇಲೆ ಜನ ಹೊರಗೆ ಬಂದು ಕೇಳಿಸಿಕೊಳ್ಳುತ್ತಾರೆ. ಶಾಲೆ ಮುಂದೆ, ಆಸ್ಪತ್ರೆ ಮುಂದೆ, ಸಾವಾದ ಮನೆಯ ಮುಂದೆ ಮೈಕು ಬಂದ್. ಸಿರುಗುಪ್ಪದ ಗಡಿ ಹಳ್ಳಿಗಳಿಗೆ ಹೋದರೆ ಒಂದು ಮಾತು ಕನ್ನಡದಲ್ಲಿ, ಅದೇ ಮಾತು ತೆಲುಗಿನಲ್ಲಿ. ಇವೆಲ್ಲ ಈಗಲೂ ಕೆಲಸಕ್ಕೆ ಬರುತ್ತವೆ, ಹುಡುಗರು ಕಲಿತುಕೊಳ್ಳಲಿ.

ಇನ್ನೊಂದನ್ನೂ ಕಲಿಸಿದರು. ಅದಕ್ಕೆ ನಮ್ಮಲ್ಲಿ ಊರು ನುಂಗುವುದು ಎನ್ನುತ್ತಿದ್ದರು.

ಅದು ತಿಳಿಯಬೇಕಾದರೆ ಕಲಾವಿದೆಯರಿಗೆ ಹೆಸರಿಡುವ ಪದ್ಧತಿ ತಿಳಿದಿರಬೇಕು. ಹೆಸರಿಡುತ್ತಿದ್ದವರು ಪೇಟಿ ಮಾಸ್ತರು, ಅಂದರೆ ಹಾರ್ಮೋನಿಯಂ ಹಿಡಿದು ನಾಟಕ ಕಲಿಸುವವರು. ಅವ್ವ ಅಪ್ಪ ಇಟ್ಟ ಹೆಸರು ಬಣ್ಣ ಹಚ್ಚಿದ ಮೇಲೆ ನಡೆಯುವುದಿಲ್ಲ ಎಂದು ಅವರ ನಂಬಿಕೆ. ಒಬ್ಬ ಮಾಸ್ತರು ಸಿರುಗುಪ್ಪದ ಹುಡುಗಿಯೊಬ್ಬಳಿಗೆ ಇಂದುಮತಿ ಎಂದು ಹೆಸರಿಟ್ಟರು. ಆಕೆ ಎತ್ತರದ ಹೆಂಗಸು, ತುಂಬು ಕಂಠ. ಅಳುವ ಹಾಡು ಹಾಡಿದರೆ ಮುಂದೆ ಕೂತ ಗಂಡಸರೂ ಟವೆಲ್ ಹುಡುಕುತ್ತಿದ್ದರು. ಎರಡು ಸುಗ್ಗಿಯಲ್ಲಿ ಆಕೆಯ ಹೆಸರು ತುಂಗಭದ್ರೆಯ ಆಚೆಗೂ ಹೋಯಿತು. ಕೆಲವು ವರ್ಷಗಳ ಮೇಲೆ ಕುರುಗೋಡಿನ ಹುಲಿಗೆಮ್ಮ ಎಂಬ ಹುಡುಗಿ ಅದೇ ಮಾಸ್ತರ ಹತ್ತಿರ ಬಂದಳು. ಆಕೆಗೂ ಇಂದುಮತಿ ಎಂದೇ ಇಟ್ಟರು. ಯಾಕ್ರಿ ಮಾಸ್ತರ, ಬೇರೆ ಹೆಸರಿಗೆ ಬರಗಾಲವೇ ಎಂದು ನಾನು ಕೇಳಿದ್ದೆ. "ಈ ಹೆಸರು ಕೈ ಹಿಡದೈತಿ ಬಸಣ್ಣ. ನೀರು ಬಿದ್ದ ಬಾವಿ ಬಿಟ್ಟು ಇನ್ನೊಂದು ಯಾಕ ತೋಡಲಿ" ಎಂದರು.

ಒಂದೇ ಹೆಸರಿನವರು ನಮ್ಮಲ್ಲಿ ಹೊಸದೇನಲ್ಲ. ಮಂಜುಳಾ ಎಂದರೆ ಮೂವರು ಬರುತ್ತಿದ್ದರು. ಗುರುತಿಗೆಂದು ಹೆಸರಿನ ಮುಂದೆ ಊರು ಸೇರಿಸುವುದು ವಾಡಿಕೆ, ಊರೇ ಅವರ ಮನೆತನದ ಹೆಸರು. ಹೀಗೆ ಒಬ್ಬಾಕೆ ಸಿರುಗುಪ್ಪ ಇಂದುಮತಿ, ಇನ್ನೊಬ್ಬಾಕೆ ಕುರುಗೋಡು ಇಂದುಮತಿ.

ಈಗ ಊರು ನುಂಗುವುದಕ್ಕೆ ಬರುತ್ತೇನೆ. ಸಿರುಗುಪ್ಪದಾಕೆ ಸಿಗದೆ ಕುರುಗೋಡಿನಾಕೆಯನ್ನು ಗೊತ್ತು ಮಾಡಿಕೊಂಡ ಊರಿನವರು ಹ್ಯಾಂಡ್‌ಬಿಲ್ಲಿನಲ್ಲಿ ಕುರುಗೋಡು ಎಂಬುದನ್ನು ಇರುವೆ ಗಾತ್ರಕ್ಕೆ ಹಾಕಿಸುತ್ತಿದ್ದರು. ಮೈಕಿನಲ್ಲಿ ನಾವು ಅದನ್ನೂ ಹೇಳುತ್ತಿರಲಿಲ್ಲ. "ಕಲಾರಸಿಕರೇ, ನಿಮ್ಮ ಮೆಚ್ಚಿನ ಇಂದುಮತಿ ಬರುತ್ತಿದ್ದಾರೆ" ಎಂದು ಅಲ್ಲಿಗೆ ನಿಲ್ಲಿಸುವುದು. ಸುಳ್ಳೇನೂ ಹೇಳಿದಂತಾಗಲಿಲ್ಲ, ಜನವೂ ಕೂಡುತ್ತದೆ. ಬಳ್ಳಾರಿಯಿಂದ ಸಿರುಗುಪ್ಪದವರೆಗೆ ಮೈಕು ಹಿಡಿದವರೆಲ್ಲ ಮಾಡುತ್ತಿದ್ದುದು ಇದನ್ನೇ, ಕಲಾವಿದೆಯರಿಗೂ ಗೊತ್ತಿತ್ತು, ಅರ್ಧ ಜನಕ್ಕೂ ಗೊತ್ತಿತ್ತು.

ನಗೆ ಬರುವಂಥ ಪೇಚಾಟವೂ ಆಗುತ್ತಿತ್ತು. ಅಪರೂಪಕ್ಕೆ ಹೊರಗಿನಿಂದ ಕರೆಸುತ್ತಿದ್ದ ಗಂಡಸರಲ್ಲಿ ಮಾರೆಪ್ಪ ಎಂಬ ಹೆಸರಿನವರು ಇಬ್ಬರಿದ್ದರು. ಒಬ್ಬ ಹಾಸ್ಯದವನು, ಇನ್ನೊಬ್ಬ ಖಳನಾಯಕ. ಒಮ್ಮೆ ಹೊಳೆದಂಡೆಯ ಒಂದು ಊರಿನವರು ಹಾಸ್ಯದ ಮಾರೆಪ್ಪನಿಗೆ ಹೇಳಿ ಕಳಿಸಿದರೆ, ಸುದ್ದಿ ಒಯ್ದವನು ಖಳನಾಯಕನ ಮನೆಗೆ ಹೋಗಿಬಂದ. ನಾನು ದಿನವಿಡೀ ಹೊಟ್ಟೆ ಹುಣ್ಣಾಗುವಂತೆ ನಗಿಸುವ ಮಾರೆಪ್ಪ ಎಂದು ಸಾರಿಬಿಟ್ಟಿದ್ದೆ. ಬಂದವನು ನೋಡಿದರೆ ಈ ಪುಣ್ಯಾತ್ಮ, ಮೀಸೆಯ ಸಮೇತ. ಊರಿನವರು ಅವನನ್ನೇ ಹಾಸ್ಯಕ್ಕೆ ನಿಲ್ಲಿಸಿದರು. ಅವನು ಬಾಯಿ ತೆರೆದರೆ ಮುಂದೆ ಕೂತ ಮಕ್ಕಳು ಅತ್ತವು. ಮರುದಿನ ಬಸ್ಸಿನಲ್ಲಿ ಮೆಲ್ಲಗೆ ಹೇಳಿದ: "ಮಂದಿ ನಗಲಿ ಅಂತ ಬೇಡಿಕೊಂಡಿದ್ದು ಇದೊಂದ ಸಲ ಬಸಣ್ಣ. ಒಬ್ಬರೂ ನಗಲಿಲ್ಲ ನೋಡು." ಆ ಮಾತು ಕೇಳಿ ನಾನು ನಕ್ಕೆ, ಅವನೂ ನಕ್ಕ. ಅಲ್ಲಿಗೆ ಮುಗಿಯಿತು.

ಕುರುಗೋಡು ಇಂದುಮತಿಯದು ಅಲ್ಲಿಗೆ ಮುಗಿಯುವಂಥದ್ದಾಗಿರಲಿಲ್ಲ.

ಆಕೆ ಕುಳ್ಳಗೆ, ದಪ್ಪ ಮೂಗಿನ ಹೆಂಗಸು. ದನಿ ಸ್ವಲ್ಪ ಒಡಕು. ಅಳುವ ಹಾಡು ಆಕೆಯ ಕೈಗೆ ಹತ್ತುತ್ತಲೇ ಇರಲಿಲ್ಲ. ಆದರೆ ಗಯ್ಯಾಳಿ ಅತ್ತೆಯಾಗಿ ಸೆರಗು ಸಿಕ್ಕಿಸಿ ನಿಂತಳೆಂದರೆ ನೋಡಬೇಕಿತ್ತು. ಏಳುಬೆಂಚಿ ಕಡೆಯ ಒಂದು ಊರಿನಲ್ಲಿ, ಆಕೆ ಸೊಸೆಯ ತಾಟನ್ನು ಕಸಿದುಕೊಂಡಾಗ ಮುಂದೆ ಕೂತಿದ್ದ ಮುದುಕಿಯೊಬ್ಬಳು ಎದ್ದು ಚಪ್ಪಲಿ ಎಸೆದಳು. ಇಂದುಮತಿ ಆ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು, "ಇನ್ನೊಂದೂ ಒಗಿಯವ್ವಾ, ಜೋಡಿ ಆಗಲಿ" ಎಂದು ಅತ್ತೆಯ ಗತ್ತಿನಲ್ಲೇ ಹೇಳಿದಳು. ಜನ ಎಷ್ಟು ಹೊತ್ತು ನಕ್ಕರೋ. ಅಂಥ ಪಾತ್ರ ಆಕೆಗೆ ವರ್ಷಕ್ಕೆ ಒಂದೋ ಎರಡೋ ಸಿಗುತ್ತಿದ್ದವು. ಯಾಕೆಂದರೆ ಇಂದುಮತಿ ಎಂಬ ಹೆಸರು ಕೇಳಿದವರಿಗೆಲ್ಲ ಬೇಕಾಗಿದ್ದು ಅಳುವ ನಾಯಕಿ. ಹೆಸರು ಬಂತು, ಹೆಸರಿನ ಹಿಂದೆ ತನಗೆ ಒಗ್ಗದ ಪಾತ್ರವೂ ಬಂತು. ಬಾರದ ಹಾಡನ್ನು ಹಾಡುತ್ತ ಇಪ್ಪತ್ತೈದು ವರ್ಷ ಕಳೆದಳು. ಜನ ಆಕೆಗೆ ಇಟ್ಟ ಹೆಸರು ಬ್ಯಾರೆ ಇಂದುಮತಿ. ಇವತ್ತು ಬಂದಿರುವುದು ನಮ್ಮ ಇಂದುಮತಿ ಅಲ್ಲ, ಬ್ಯಾರೆ ಇಂದುಮತಿ ಎನ್ನುತ್ತಿದ್ದರು, ಆಕೆಗೆ ಕೇಳಿಸುವ ಹಾಗೇ.

ಒಂದು ಸಲ ಪಕ್ಕಪಕ್ಕದ ಎರಡು ಊರಲ್ಲಿ ಒಂದೇ ದಿನ ನಾಟಕ ಬಿತ್ತು. ಒಂದೂರಿಗೆ ಸಿರುಗುಪ್ಪದಾಕೆ, ಇನ್ನೊಂದೂರಿಗೆ ಕುರುಗೋಡಿನಾಕೆ. ಎರಡೂ ಕಡೆ ಮೈಕಿನಲ್ಲಿ ಬರೀ ಇಂದುಮತಿ. ಕುರುಗೋಡಿನಾಕೆ ರಂಗಕ್ಕೆ ಬಂದು ಎರಡು ಮಾತಾಡುವುದರೊಳಗೆ ಜನರಿಗೆ ಗೊತ್ತಾಯಿತು. ಕಂಬಳಿ, ಚಾಪೆ ಸುತ್ತಿಕೊಂಡು, ಮಕ್ಕಳನ್ನು ಹೆಗಲಿಗೇರಿಸಿಕೊಂಡು ಹೊಲದ ಬದುವಿನ ಮೇಲೆ ಆಚೆ ಊರಿಗೆ ನಡೆದರು. ಒಬ್ಬರೂ ಬಯ್ಯಲಿಲ್ಲ, ಕಲ್ಲು ಎಸೆಯಲಿಲ್ಲ, ಸುಮ್ಮನೆ ಎದ್ದು ಹೋದರು. ಆಕೆ ಒಂದು ಮಾತನ್ನೂ ಬಿಡದೆ ಕೊನೆಯವರೆಗೆ ಪಾರ್ಟು ಮಾಡಿದಳು. ಹೀರೋನ ಅವ್ವ ಅಪ್ಪ ಇದ್ದರು, ಮೈಕಿನವರು ನಾವು ಇದ್ದೆವು.

ಮರುದಿನ ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುವಾಗ ನನ್ನನ್ನು ಕೇಳಿದಳು. "ಅಣ್ಣಾ, ಒಂದು ಕೆಲಸ ಮಾಡ್ತೀರೇನು. ಮುಂದಿನ ನಾಟಕಕ್ಕ ಮೈಕಿನಾಗ ಕುರುಗೋಡು ಇಂದುಮತಿ ಅಂತ ಗಟ್ಟ್ಯಾಗಿ ಹೇಳ್ರಿ. ನನಗಂತ ಎಷ್ಟು ಮಂದಿ ಬರ್ತಾರ, ಒಂದ್ಸಲ ಕಣ್ಣಿಲೆ ನೋಡಬೇಕು."

"ಕಮ್ಮಿ ಮಂದಿ ಬಂದ್ರ?"

"ಹತ್ತು ಮಂದಿ ಬರಲಿ. ನನಗಂತ ಬಂದ ಹತ್ತು ಮಂದಿ. ಎದ್ದು ಹೋಗಂಗಿಲ್ಲ ಅವರು."

ನಾನು ಸಾಹೇಬರಿಗೆ ಹೇಳಿದೆ. ಅವರು ಕೆಟ್ಟವರಲ್ಲ, ಬಹಳ ಹೊತ್ತು ಗಡ್ಡ ತುರಿಸಿಕೊಂಡರು. "ಆಕೀ ಮಾತು ಖರೇ ಐತಿ ಬಸ್ಯಾ. ಆದ್ರ ಊರಿನವರು ನಮ್ಮನ್ನ ಕರಸಾದು ಮಂದಿ ಕೂಡಸಾಕ. ಮಂದಿ ಕೂಡದಿದ್ರ ಮುಂದಿನ ವರ್ಸ ಮೈಕ್ ಬ್ಯಾರೇವರದು" ಎಂದರು. ಊರಿನವರನ್ನೂ ಕೇಳಿನೋಡಿದೆ. ನಾಟಕದ ಕಮಿಟಿಯ ಹಿರಿಯನೊಬ್ಬ, "ಆಕೀ ಆಸೆ ತೀರಸಾಕ ನಾವ್ ನಾಟಕ ಹಚ್ಚೀವೇನು" ಎಂದುಬಿಟ್ಟ. ಕೇಳಿದಷ್ಟು ಊರಲ್ಲೂ ಹೆಚ್ಚುಕಡಿಮೆ ಇದೇ ಉತ್ತರ.

ಕೊನೆಗೆ ಆಕೆಯೇ ಒಂದು ಹಟ ಮಾಡಿದಳು. ಒಂದು ಸುಗ್ಗಿಯಲ್ಲಿ ಇಂದುಮತಿಯನ್ನು ಬಿಟ್ಟು ಸ್ವಂತ ಹೆಸರಿಗೆ ಹೊರಳಿದಳು. ಕುರುಗೋಡು ಹುಲಿಗೆಮ್ಮ ಎಂದೇ ಹಾಕಬೇಕು, ಅತ್ತೆ ಪಾತ್ರವೇ ಕೊಡಬೇಕು ಎಂದಳು. ಒಪ್ಪಿದ್ದು ಒಂದೇ ಊರು, ಅದೂ ಬೇರೆ ಯಾರೂ ಸಿಗದಿದ್ದಕ್ಕೆ. ನಾನು ಆ ಹೆಸರನ್ನು ಬಾಯಿ ತುಂಬ ಹೇಳಿದೆ. ಊರಿಂದೂರಿಗೆ ಹೋದಾಗ ಜನ ಆಟೋ ನಿಲ್ಲಿಸಿ ಕೇಳಿದರು: "ಯಾರ್ರೀ ಹುಲಿಗೆಮ್ಮಂದ್ರ? ಹೊಸದಾಗಿ ಬಂದಾಳೇನು?" ಎಷ್ಟೋ ವರ್ಷ ತಮ್ಮೂರಿಗೇ ಬಂದು ಹೋದವಳು. ಇಂದುಮತಿ ಎಂದಿದ್ದರೆ ಬೇರೆಯಾಕೆ ಎನ್ನುತ್ತಿದ್ದರು, ಹುಲಿಗೆಮ್ಮ ಎಂದರೆ ಯಾರೆಂದೇ ಗೊತ್ತಿಲ್ಲ. ಜನ ಅಷ್ಟಕ್ಕಷ್ಟೇ ಬಂದರು. ಮುಂದಿನ ನಾಟಕಕ್ಕೆ ಆಕೆ ಮತ್ತೆ ಇಂದುಮತಿಯಾದಳು.

ಇದಕ್ಕಿಂತ ಕಹಿಯಾದದ್ದು ಕುರುಗೋಡಿನಲ್ಲೇ ನಡೆಯಿತು. ಆಕೆಯ ಓಣಿಯ ಹುಡುಗರೇ ಒಂದು ನಾಟಕ ಹಚ್ಚಿದರು. ನಾಯಕಿ ಪಾತ್ರಕ್ಕೆ ಸಿರುಗುಪ್ಪ ಇಂದುಮತಿಯನ್ನು ಕರೆಸಿದರು. ಈಕೆಗೆ ನಾಯಕಿಯ ಅತ್ತಿಗೆಯ ಪಾತ್ರ, ಎರಡು ದೃಶ್ಯ. ಹ್ಯಾಂಡ್‌ಬಿಲ್ಲಿನಲ್ಲಿ ಒಂದೇ ಹೆಸರು ಎರಡು ಸಲ ಬಂದರೆ ಗೊಂದಲವೆಂದು ಈಕೆಯದನ್ನು "ಇತರರು" ಎಂಬಲ್ಲಿಗೆ ಸೇರಿಸಿದ್ದರು. ಈಕೆಯ ಮನೆಯ ಮುಂದೆಯೇ ನಾನು ಆಟೋ ಒಯ್ದು, ಇಂದುಮತಿ ಬರುತ್ತಿದ್ದಾರೆ ಎಂದು ಸಾರಬೇಕಾಗಿತ್ತು. ಸಾವಾದ ಮನೆಯ ಮುಂದೆ ಬಂದ್ ಮಾಡುವ ಹಾಗೆ ಆ ಬಾಗಿಲ ಮುಂದೆ ಮೈಕು ಬಂದ್ ಮಾಡಿದೆ. ಆಕೆ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದಳು. "ಯಾಕಣ್ಣಾ ನಿಲ್ಲಿಸಿದ್ರಿ, ಹೇಳ್ರಿ. ನಮ್ಮ ಓಣ್ಯಾಗೂ ಮಂದಿ ಬರಬೇಕಲ್ಲ" ಎಂದಳು.

ಇಬ್ಬರ ನಡುವೆ ಜಗಳವಿತ್ತು ಎಂದು ನೀವು ತಿಳಿದಿದ್ದರೆ ತಪ್ಪು. ಸಿರುಗುಪ್ಪದಾಕೆ ಈಕೆಯನ್ನು ಹುಲಿಗಿ ಎಂದು ಕರೆಯುತ್ತಿದ್ದಳು, ಈಕೆ ಆಕೆಯನ್ನು ಅಕ್ಕ ಎನ್ನುತ್ತಿದ್ದಳು. ಈಕೆಯನ್ನು ಸ್ವಂತ ಹೆಸರಿನಿಂದ ಕರೆಯುತ್ತಿದ್ದ ಕಲಾವಿದೆ ಆಕೆಯೊಬ್ಬಳೇ. ಸಿರುಗುಪ್ಪದಾಕೆಗೂ ಇಂದುಮತಿ ಎಂಬ ಹೆಸರಿನಿಂದ ಸುಖವಿರಲಿಲ್ಲ. ಯಾವುದೋ ಊರಲ್ಲಿ ಕುರುಗೋಡಿನಾಕೆಯ ಹಾಡು ಕೆಟ್ಟರೆ, ಇಂದುಮತಿಗೆ ಕಂಠ ಹೋಗಿದೆಯಂತೆ ಎಂದು ಸುದ್ದಿಯಾಗುತ್ತಿತ್ತು. ಆದರೂ ಆಕೆ ಒಂದು ದಿನವೂ ಈಕೆಯ ಮೇಲೆ ಸಿಟ್ಟಾಗಲಿಲ್ಲ.

ಆಮೇಲೆ ನಮ್ಮ ಕೆಲಸವೇ ಬದಲಾಯಿತು. ಮೊದಲು ಕ್ಯಾಸೆಟ್ಟು ಬಂತು, ನಂತರ ಪೆನ್ ಡ್ರೈವ್. ಸ್ಟುಡಿಯೋದಲ್ಲಿ ಕೂತು ಒಂದು ಸಲ ಮಾತಾಡಿದರೆ ಸಾಕು, ಆಟೋ ಓಡಿಸುವವನೇ ಅದನ್ನು ಹಚ್ಚಿಕೊಂಡು ತಿರುಗುತ್ತಾನೆ. ಯಾರ ಮನೆಯ ಮುಂದೆ ಸುಮ್ಮನಾಗಬೇಕು ಎಂದು ಪೆನ್ ಡ್ರೈವಿಗೆ ಗೊತ್ತಿರುವುದಿಲ್ಲ. ನನ್ನ ಗಂಟಲಲ್ಲಿ ಗಂಟು ಕಾಣಿಸಿಕೊಂಡಿತು. ಡಾಕ್ಟರು ಕೂಗುವುದು ಬಿಡು ಎಂದರು, ಬಿಟ್ಟೆ. ಖಾದರ್ ಸಾಹೇಬರು ಅಷ್ಟರಲ್ಲಿ ತೀರಿಕೊಂಡಿದ್ದರು. ಅವರ ಅಂಗಡಿಯಲ್ಲಿ ಈಗ ಮೊಬೈಲ್ ಕವರು ಮಾರುತ್ತಾರೆ. ಬಳ್ಳಾರಿ ಕಂಟೋನ್ಮೆಂಟಿನ ಹುಡುಗಿಯೊಬ್ಬಳು ಫೋನಿನಲ್ಲಿ ಕುಣಿದು ಹೆಸರು ಮಾಡಿದ್ದಾಳೆ, ಆಕೆಯೂ ಇಂದುಮತಿ ಎಂದೇ ಇಟ್ಟುಕೊಂಡಿದ್ದಾಳೆ. ನನ್ನ ಮೊಮ್ಮಗಳು ಹುಡುಕಿ ತೋರಿಸಿದಳು. ಆ ಹೆಸರು ಹೊಡೆದರೆ ಬರುವುದೆಲ್ಲ ಆ ಹುಡುಗಿಯೇ. ನಾನು ಹೊಟ್ಟೆಪಾಡಿಗೆ ಸಾವಿರ ಸಲ ಸಾರಿದ ಇಬ್ಬರು ಹೆಂಗಸರಲ್ಲಿ ಒಬ್ಬರೂ ಅಲ್ಲಿ ಸಿಗಲಿಲ್ಲ.

ಕುರುಗೋಡು ಇಂದುಮತಿ ಹೋದ ಬೇಸಗೆಯಲ್ಲಿ ತೀರಿಕೊಂಡಳು. ಸಕ್ಕರೆ ಕಾಯಿಲೆ, ಕಾಲಿನಿಂದ ಶುರುವಾಗಿ ಮೇಲೆ ಏರಿತ್ತು. ಆಕೆಗೆ ಒಬ್ಬಳೇ ಮಗಳು, ಶಾಂತಾ. ಕುಡತಿನಿಯ ವಿದ್ಯುತ್ ಕೇಂದ್ರದ ಹತ್ತಿರ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಕೆಲಸ ಅವಳಿಗೆ. ಬೆಳಿಗ್ಗೆ ಫೋನ್ ಮಾಡಿ, "ಕಾಕಾ, ನಮ್ಮವ್ವ ಹೋದ್ಲು. ನಾಟಕದವರಿಗೆಲ್ಲ ತಿಳಸಬೇಕಿತ್ತು, ನನಗ ಯಾರ ನಂಬರೂ ಗೊತ್ತಿಲ್ಲ" ಎಂದಳು. ನಾನು ಎರ್ರಿಸ್ವಾಮಿಗೆ ಹೇಳಿ ಬಸ್ಸು ಹತ್ತಿದೆ.

ಎರ್ರಿಸ್ವಾಮಿ ಅತ್ತುಕೊಂಡೇ ವಾಟ್ಸಾಪಿಗೆ ಮಾತು ರೆಕಾರ್ಡು ಮಾಡಿದನಂತೆ. ನಾನು ಆಮೇಲೆ ಕೇಳಿದೆ, ಚೆನ್ನಾಗಿಯೇ ಹೇಳಿದ್ದಾನೆ. "ಕಲಾರಸಿಕರೇ, ನಿಮ್ಮೆಲ್ಲರ ಮೆಚ್ಚಿನ ರಂಗಕಲಾವಿದೆ ಇಂದುಮತಿ ಇನ್ನಿಲ್ಲ." ಊರು ಹೇಳಲಿಲ್ಲ. ಬೇಕೆಂದು ಬಿಟ್ಟದ್ದಲ್ಲ. ಆ ಹೆಸರಿನ ಮುಂದೆ ಊರು ಹೇಳಿ ನಮ್ಮ ಬಾಯಿಗಳಿಗೆ ರೂಢಿಯೇ ಇರಲಿಲ್ಲ. ಅವನದನ್ನು ಕೇಳಿದ ಯಾರೋ ಒಬ್ಬರು ಸಿರುಗುಪ್ಪದಾಕೆಯ ಫೋಟೋ ಹಾಕಿ, ಸುತ್ತ ದೀಪ ಹೂವು ಬರೆಸಿ, ಶ್ರದ್ಧಾಂಜಲಿ ಎಂದು ಕಳಿಸಿದರು. ಒಬ್ಬರಿಂದೊಬ್ಬರಿಗೆ ಅದು ಹೊಳೆದಂಡೆಯ ಊರೆಲ್ಲ ತಿರುಗಿತು.

ನಾನು ಕುರುಗೋಡು ಮುಟ್ಟಿದಾಗ ಮನೆಯ ಮುಂದೆ ಓಣಿಯ ಹೆಂಗಸರು ಕೆಲವರಿದ್ದರು. ಶಾಮಿಯಾನ ಹಾಕಿ, ಬರುವವರಿಗೆಂದು ಕುರ್ಚಿ ತರಿಸಿದ್ದರು. ಶಾಂತಾ ನನ್ನನ್ನು ನೋಡಿ, "ಹಳ್ಳಿ ಮಂದಿ ಬರತಾರಲ್ಲ ಕಾಕಾ, ಸ್ವಲ್ಪ ತಡ ಮಾಡಿ ಮಣ್ಣು ಮಾಡೋಣು" ಎಂದಳು. ಕಾಯ್ದೆವು. ಬಿಸಿಲು ಏರಿತು. ಯಾರೂ ಬರಲಿಲ್ಲ. ನಾನು ಎರ್ರಿಸ್ವಾಮಿಗೆ ಫೋನ್ ಹಚ್ಚಿದೆ. ಆ ಕಡೆ ಗದ್ದಲವೋ ಗದ್ದಲ.

"ಎಲ್ಲಿ ಅದೀಯಲೇ?"

"ಅಣ್ಣಾ, ಸಿರುಗುಪ್ಪದಾಗ ಅದೀನಿ. ಇಲ್ಲಿ ಜಾತ್ರಿ ಕೂಡಿದಂಗ ಕೂಡೈತಿ. ಟ್ರ್ಯಾಕ್ಟರ್ ಮಾಡಿಕೊಂಡು ಬಂದಾರ, ಹಾರ ತಂದಾರ. ಹೋದಾಕಿ ಈಕಿ ಅಲ್ಲ ಅಂತ ಹೇಳಾಕಂತ ಓಡಿ ಬಂದೆ. ನನ್ನ ಮಾತು ಕೇಳವರ ಇಲ್ಲ."

ಅಲ್ಲಿ ನಡೆದದ್ದನ್ನು ಓಣಿಯ ಹುಡುಗಿಯೊಬ್ಬಳು ಫೋನಿನಲ್ಲಿ ತೋರಿಸಿದಳು. ಸಾವಿಗೆ ಬಂದವರಿಗೆ ಸಿರುಗುಪ್ಪ ಇಂದುಮತಿ ಬಾಗಿಲಲ್ಲಿ ನಿಂತದ್ದು ಕಂಡಿತು. ಒಂದು ಗಳಿಗೆ ಗರಬಡಿದವರಂತೆ ನಿಂತರು. ಆಮೇಲೆ ಕುಣಿದಾಡಿಬಿಟ್ಟರು. ಹೆಣದ ಮೇಲೆ ಹಾಕಲು ತಂದ ಹಾರವನ್ನೇ ಆಕೆಯ ಕೊರಳಿಗೆ ಹಾಕಿದರು. ಮುದುಕಿಯರು ದೃಷ್ಟಿ ತೆಗೆದರು. ಯಾರೋ ಪಟಾಕಿ ಹಚ್ಚಿದರು. ಆಕೆ ಎರಡೂ ಕೈ ಎತ್ತಿ, "ಹುಲಿಗಿ ಹೋಗ್ಯಾಳ, ಕುರುಗೋಡಿಗೆ ನಡೀರಿ, ಕುರುಗೋಡಿಗೆ ನಡೀರಿ" ಎನ್ನುತ್ತಿದ್ದಳು. ಪಟಾಕಿಯ ಸದ್ದಿನಲ್ಲಿ ಆ ಮಾತು ಅರ್ಧಕ್ಕರ್ಧ ಕೇಳುತ್ತಿರಲಿಲ್ಲ. ಹುಲಿಗಿ ಯಾರೆಂದು ಅವರಿಗೆ ಹೇಗೆ ಗೊತ್ತಾಗಬೇಕು.

ಶಾಂತಾ ಅದನ್ನು ನನ್ನ ಭುಜದ ಮೇಲಿಂದ ನೋಡಿದಳು. ಸೆರಗು ಸಿಕ್ಕಿಸಿಕೊಂಡು, "ಇನ್ನ ತಡ ಬ್ಯಾಡ ಕಾಕಾ" ಎಂದಳು. ಹೆಗಲು ಕೊಡಲು ಓಣಿಯ ಗಂಡಸರು ಮೂವರು ಸಿಕ್ಕರು, ನಾಲ್ಕನೆಯವನು ನಾನು. ಖಾಲಿ ಕುರ್ಚಿಗಳ ನಡುವೆ ಆಕೆಯನ್ನು ಎತ್ತಿಕೊಂಡು ನಡೆದೆವು. ನನ್ನ ವೃತ್ತಿಯಲ್ಲಿ ನೋಡಿದ ಖಾಲಿ ಮೈದಾನಗಳು ಬಹಳ. ಯಾವುದಕ್ಕೂ ಹೀಗೆ ಎದೆ ಒಡೆದಿರಲಿಲ್ಲ. ಅವತ್ತಿನಷ್ಟು ನನ್ನ ಬಾಯಿಯ ಮೇಲೆ ನನಗೆ ಹೇಸಿಗೆಯೂ ಆಗಿರಲಿಲ್ಲ.

ಮೂರನೆಯ ದಿನ ಸಮಾಧಿಗೆ ಹಾಲುತುಪ್ಪ ಬಿಡುವ ಶಾಸ್ತ್ರ. ಸಿರುಗುಪ್ಪ ಇಂದುಮತಿ ಕಾರು ಮಾಡಿಕೊಂಡು ಬಂದಳು. ಆಕೆ ಬರುವ ಸುದ್ದಿ ಅದು ಹೇಗೋ ಮೊದಲೇ ಹಬ್ಬಿತ್ತು. ಸತ್ತು ಬದುಕಿ ಬಂದ ಇಂದುಮತಿ ಎಂದು ಫೋನಿನಲ್ಲೆಲ್ಲ ತಿರುಗುತ್ತಿದ್ದಳಲ್ಲ, ನೋಡಬೇಕೆಂದು ಜನ ಸುತ್ತಲ ಊರುಗಳಿಂದ ಬಂದರು. ಬೈಕು, ಆಟೋ, ಟ್ರ್ಯಾಕ್ಟರು. ಸಮಾಧಿಯ ಸುತ್ತ ಕಾಲಿಡಲು ಜಾಗವಿಲ್ಲ. ಆಕೆಯ ಜೊತೆ ಫೋಟೋ ತೆಗೆಸಿಕೊಳ್ಳಲು ನೂಕಾಡಿದರು. ಶಾಂತಾ ಹಾಲಿನ ಚೊಂಬು ಹಿಡಿದುಕೊಂಡು ದಾರಿ ಬಿಡ್ರಿ, ದಾರಿ ಬಿಡ್ರಿ ಎಂದು ಕೇಳಿಕೊಂಡು ತನ್ನ ತಾಯಿಯ ಹತ್ತಿರ ಹೋಗಬೇಕಾಯಿತು.

ಹಾಲು ಬಿಟ್ಟಾದ ಮೇಲೆ ಸಿರುಗುಪ್ಪದಾಕೆ ಜನರ ಕಡೆ ತಿರುಗಿದಳು. ಕಣ್ಣು ಕೆಂಪಾಗಿದ್ದವು.

"ಯಾರನ್ನ ನೋಡಾಕ ಬಂದೀರಿ ನೀವು? ನಾ ಬದುಕೀನಿ, ನನ್ನ ನಾಳಿ ನೋಡಬಹುದು. ಹೋದಾಕಿ ಇಲ್ಲಿ ಮಣ್ಣಾಗ ಮಲಗ್ಯಾಳ. ಅತ್ತಿ ಪಾರ್ಟಿನಾಗ ಆಕಿ ನಿಂತ್ಲಂದ್ರ ಎದುರಿಗೆ ನಿಂದ್ರಾಕ ನನಗ ಅಂಜಿಕಿ ಬರ್ತಿತ್ತು. ಅಂಥಾಕಿಗೆ ನನ್ನ ಹೆಸರು ಕಟ್ಟಿ, ನನ್ನ ಹಾಡು ಹಾಡಸಿ, ನನ್ನಂಗಿಲ್ಲ ಅಂತ ನಕ್ಕಿರಿ. ಮೊನ್ನೆ ಆಕೀನ ಎತ್ತಾಕ ನಾಲ್ಕು ಮಂದಿ ಸಿಗಲಿಲ್ಲಂತ. ಆಕಿ ಸಲುವಾಗಿ ತಂದ ಹಾರ ನನ್ನ ಕೊರಳಾಗ ಹಾಕಿದ್ರಿ. ಅದನ್ನ ಹೆಂಗ ತಗೀಲಿ ನಾನು?"

ಆಕೆಯ ಕಂಠ ಇನ್ನೂ ಹಾಗೇ ಇತ್ತು, ಕಡೆಯ ಸಾಲಿನವರೆಗೂ ಕೇಳುವ ಕಂಠ. ಜನ ಉಸಿರು ಬಿಗಿಹಿಡಿದು ಕೇಳಿದರು. ಸದ್ಯ, ಈಗಲಾದರೂ ತಿಳಿಯಿತು ಎಂದುಕೊಂಡೆ. ಅಷ್ಟರಲ್ಲಿ ಹಿಂದಿನಿಂದ ಒಬ್ಬ ಸಿಳ್ಳೆ ಹೊಡೆದ. ಇನ್ನೊಬ್ಬ ಚಪ್ಪಾಳೆ ತಟ್ಟಿದ. ನೋಡನೋಡುತ್ತಿದ್ದಂತೆ ಎಲ್ಲರೂ ತಟ್ಟಿದರು. "ಏನ್ ಡೈಲಾಗ್ ಹೊಡದ್ಲೋ ಮಾರಾಯ, ಈ ವಯಸ್ಸಿನಾಗೂ" ಎಂದು ನನ್ನ ಪಕ್ಕದಲ್ಲಿದ್ದವನು ಮನಸಾರೆ ಮೆಚ್ಚಿಕೊಂಡ, ಅವನ ಕಣ್ಣಲ್ಲಿ ನೀರೂ ಇತ್ತು. ಸಿರುಗುಪ್ಪದಾಕೆ ಸುತ್ತ ಒಮ್ಮೆ ನೋಡಿ, ಸಮಾಧಿಯ ಪಕ್ಕದ ಮಣ್ಣಿನ ಮೇಲೆ ಕುಸಿದು ಕುಳಿತಳು. ಅದಕ್ಕೂ ಚಪ್ಪಾಳೆ ಬಿತ್ತು.

ಆಕೆಯ ಕಾರು ಹೊರಟ ಕೂಡಲೇ ಜನವೂ ಹೊರಟಿತು. ಮನೆಯಲ್ಲಿ ಶಾಂತಾ ನನಗೆ ಚಹಾ ಕೊಟ್ಟು ಎದುರಿಗೆ ಕುಳಿತಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಕುಹಕವೂ ಇರಲಿಲ್ಲ.

"ಕಾಕಾ, ನಮ್ಮವ್ವ ಹತ್ತು ಮಂದಿ ಬಂದ್ರ ಸಾಕು ಅಂತಿದ್ಲು. ಎಷ್ಟು ಮಂದಿ ಬಂದಿದ್ರು ನೋಡ್ರಿ ಇವತ್ತ. ಎಲ್ಲಾ ಆಕಿ ಸಲುವಾಗಿ ಬಂದವರ ಅಲ್ಲೇನ್ರಿ?"

ನಾನು ಹೌದವ್ವಾ ಎಂದೆ.